ಆಂಬುಲೆನ್ಸ್ ಬರುವ ಮೊದಲು ನಮ್ಮ ಬೀದಿಯಲ್ಲಿ ಯಾರಿರುತ್ತಾರೆ?

ಎರಡನೇ ಕ್ರಾಸ್:

ಎಲ್ಲರಿಗೂ ನಮಸ್ಕಾರ. ನಾನು ವಿಜಯನಗರದ ಕಡೆಯವನು. ಇದನ್ನು ಬರೆಯಲು ಏಳು ತಿಂಗಳು ಬೇಕಾಯಿತು.

ನಮ್ಮ ಮಾವ, ಅಂದರೆ ಹೆಂಡತಿಯ ತಂದೆ, ನಮ್ಮ ಜೊತೆಗೇ ಇದ್ದರು. 63 ವರ್ಷ. ಒಂದು ದಿನ ಬೆಳಿಗ್ಗೆ ಆರೂಕಾಲಿಗೆ ಹಾಲು ತಂದು, ಗೇಟಿನ ಒಳಗೆ ಚಪ್ಪಲಿ ಬಿಡುತ್ತಿದ್ದವರು ಅಲ್ಲೇ ಕುಸಿದರು. ನಾನು ಕೆಲಸದ ಮೇಲೆ ಹುಬ್ಬಳ್ಳಿಗೆ ಹೋಗಿದ್ದೆ. ಹೆಂಡತಿ ಮಗು ಕರೆದುಕೊಂಡು ಮೈಸೂರಿನಲ್ಲಿ ಇದ್ದಳು. ಮಾವನ ಹತ್ತಿರ ಇದ್ದವರು ಮೂರೇ ಜನ. ನಮ್ಮ ಅತ್ತೆ, ಎದುರು ಬಿಲ್ಡಿಂಗಿನ ವಾಚ್‌ಮನ್, ಮನೆಮನೆಗೆ ಹೂವು ಕೊಡುವ ಅಕ್ಕ.

ಮೂವರೂ ಕೈಕಟ್ಟಿ ನಿಲ್ಲಲಿಲ್ಲ. ಅತ್ತೆ ಅಂಗಾಲು ಉಜ್ಜಿದರು. ಹೂವಿನ ಅಕ್ಕ ಮುಖಕ್ಕೆ ನೀರು ಚಿಮುಕಿಸಿ, ಸೆರಗಿನಲ್ಲಿ ಗಾಳಿ ಹಾಕಿದರು. ವಾಚ್‌ಮನ್ ಫೋನ್ ಮಾಡಿ ಆಂಬುಲೆನ್ಸ್ ಕರೆದ. ಮಾವ ಆಗಾಗ ಗೊರಕೆ ಥರ ಉಸಿರು ಎಳೆಯುತ್ತಿದ್ದರಂತೆ. "ಉಸಿರಿದೆ, ಏನೂ ಆಗಲ್ಲ" ಅಂತ ಅತ್ತೆ ಧೈರ್ಯ ತಂದುಕೊಂಡರು. ಆಂಬುಲೆನ್ಸ್ ಬರುವ ಹೊತ್ತಿಗೆ ಆ ಸದ್ದೂ ನಿಂತಿತ್ತು.

ಆಮೇಲೆ ಆಸ್ಪತ್ರೆಯ ಡಾಕ್ಟರ್ ನನಗೆ ಹೇಳಿದ್ದು ಒಂದೇ ಮಾತು. ಅದು ಉಸಿರಾಟ ಆಗಿರಲಿಲ್ಲ. ಬಿದ್ದ ತಕ್ಷಣವೇ ಎದೆ ಒತ್ತಬೇಕಿತ್ತು.

ಈ ಮೂವರಲ್ಲಿ ಯಾರ ಮೇಲೂ ನನಗೆ ಬೇಸರ ಇಲ್ಲ. ಗೊತ್ತಿದ್ದದ್ದನ್ನೆಲ್ಲ ಮಾಡಿದರು. ನಾಲ್ಕು ತಿಂಗಳ ನಂತರ ಆಫೀಸಿನಲ್ಲೇ ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತಿ ಉಸಿರು ಕೊಡುವ ತರಬೇತಿ ಇಟ್ಟಿದ್ದರು. ಹೋದೆ, ಕಲಿತೆ. ಪೂರ್ತಿ ಇಂಗ್ಲಿಷಿನಲ್ಲಿ ಇತ್ತು. ಆ ತರಬೇತಿಯಲ್ಲಿ ಕೂತಿದ್ದವರೆಲ್ಲ ನನ್ನ ಥರದವರೇ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ರಾತ್ರಿ ಎಂಟಕ್ಕೆ ಸೇರುವವರು. ನಮ್ಮ ಬೀದಿಯಲ್ಲಿ ಹಗಲು ಹೊತ್ತು ಯಾರಾದರೂ ಬಿದ್ದರೆ ನಾವು ಯಾರೂ ಅಲ್ಲಿರುವುದಿಲ್ಲ. ಇರುವುದು ಅತ್ತೆ, ವಾಚ್‌ಮನ್, ಹೂವಿನ ಅಕ್ಕ, ಮನೆಕೆಲಸಕ್ಕೆ ಬರುವವರು, ಇಸ್ತ್ರಿ ಅಂಗಡಿಯವರು. ಅವರಿಗೆ ಕಲಿಸುವವರು ಯಾರು? ಯಾವ ಭಾಷೆಯಲ್ಲಿ?

ನಮ್ಮ ಬೀದಿಯಲ್ಲಿ ಒಂದು ಭಾನುವಾರ ಇವರನ್ನೆಲ್ಲ ಸೇರಿಸಬೇಕು ಅಂತಿದ್ದೇನೆ. ಒಂದೇ ಗಂಟೆ. ಏನು ಹೇಳಬೇಕು, ಏನು ಬಿಡಬೇಕು ಅಂತ ಗೊತ್ತಿರುವವರು ದಯವಿಟ್ಟು ಬರೆಯಿರಿ.

ರಾತ್ರಿಪಾಳಿ ಶಾಂತಿ:

ತುರ್ತು ವಿಭಾಗದಲ್ಲಿ 12 ವರ್ಷದಿಂದ ನರ್ಸ್ ಆಗಿದ್ದೇನೆ. ನಿಮ್ಮ ಮಾವನ ವಿಷಯ ಓದಿ ತುಂಬಾ ಸಂಕಟವಾಯಿತು. ನೀವು ಬರೆದ ಆ ಗೊರಕೆ ಸದ್ದಿನಿಂದಲೇ ಪಾಠ ಶುರು ಮಾಡಿ. ಜನ ಮೋಸ ಹೋಗುವುದು ಅಲ್ಲೇ ಜಾಸ್ತಿ.

ಹೃದಯ ನಿಂತ ಮೇಲೂ ಒಂದೆರಡು ನಿಮಿಷ ಮಿದುಳಿನ ಬುಡದಿಂದ ಬಾಯಿ ತೆರೆಸುವ, ಉಸಿರು ಎಳೆಸುವ ಸೂಚನೆ ಬರುತ್ತಿರಬಹುದು. ನೀರಿನಿಂದ ತೆಗೆದ ಮೀನು ಬಾಯಿ ಬಿಟ್ಟ ಹಾಗೆ ಕಾಣುತ್ತದೆ. ಒಂದು ಸಲ ಎಳೆಯುತ್ತಾರೆ, ಎಷ್ಟೋ ಹೊತ್ತು ಏನೂ ಇಲ್ಲ, ಮತ್ತೆ ಒಂದು ಸಲ. ಅದನ್ನು ಉಸಿರಾಟ ಅಂತ ಲೆಕ್ಕಕ್ಕೆ ತೆಗೆದುಕೊಳ್ಳಲೇಬಾರದು.

ಹಾಗಾಗಿ ನೋಡಬೇಕಾದ್ದು ಎರಡೇ. ಭುಜ ತಟ್ಟಿ ಜೋರಾಗಿ ಕರೆದರೆ ಎಚ್ಚರ ಆಗುತ್ತಾರಾ? ಎದೆ ಸರಿಯಾಗಿ, ಒಂದೇ ಸಮನೆ ಏರಿಳಿಯುತ್ತಿದೆಯಾ? ಎರಡಕ್ಕೂ ಇಲ್ಲ ಅಂದರೆ ಹೃದಯ ನಿಂತಿದೆ ಅಂತಲೇ ತಿಳಿಯಿರಿ. ಇಷ್ಟು ನೋಡಲು 10 ಸೆಕೆಂಡ್ ದಾಟಬಾರದು. ನಾಡಿ ಹುಡುಕಬೇಡಿ. ಗಾಬರಿಯಲ್ಲಿ ನಮ್ಮದೇ ಬೆರಳಿನ ಬಡಿತ ನಮಗೆ ಸಿಕ್ಕಿಬಿಡುತ್ತದೆ.

ಆಮೇಲೆ ಯಾರಾದರೊಬ್ಬರ ಕಡೆ ಬೆರಳು ತೋರಿಸಿ, "ನೀವು, ಕೆಂಪು ಶರ್ಟ್, 108ಕ್ಕೆ ಫೋನ್ ಮಾಡಿ" ಅನ್ನಿ. "ಯಾರಾದರೂ ಮಾಡಿ" ಅಂದರೆ ಯಾರೂ ಮಾಡುವುದಿಲ್ಲ. ಒಬ್ಬರೇ ಇದ್ದರೆ ಫೋನ್ ಸ್ಪೀಕರ್‌ಗೆ ಹಾಕಿ ಪಕ್ಕದಲ್ಲಿಟ್ಟು ಒತ್ತಲು ಶುರು ಮಾಡಿ. 112ಕ್ಕೆ ಮಾಡಿದರೂ ಆಗುತ್ತದೆ.

ಮಂಚದ ಮೇಲಿದ್ದರೆ ನೆಲಕ್ಕೆ ಇಳಿಸಿ. ಹಾಸಿಗೆ ಮೇಲೆ ಒತ್ತಿದರೆ ಹಾಸಿಗೆ ತಗ್ಗುತ್ತದೆ, ಎದೆ ತಗ್ಗುವುದಿಲ್ಲ. ಪಕ್ಕದಲ್ಲಿ ಮಂಡಿಯೂರಿ. ಎದೆಯ ನಟ್ಟನಡುವೆ, ಎದೆಮೂಳೆಯ ಕೆಳಗಿನ ಅರ್ಧದ ಮೇಲೆ ಒಂದು ಅಂಗೈ ಬುಡ ಇಡಿ. ಅದರ ಮೇಲೆ ಇನ್ನೊಂದು ಕೈ. ಎಡಗಡೆ ಅಲ್ಲ, ನಡುವೆ. ಹೃದಯ ಎಡಗಡೆ ಇದೆ ಅಂತ ಶಾಲೆಯಲ್ಲಿ ಕಲಿತಿರುತ್ತೇವೆ, ಕೈ ತಾನಾಗೇ ಅಲ್ಲಿಗೆ ಹೋಗುತ್ತದೆ. ಮೊಣಕೈ ಮಡಚಬೇಡಿ. ನಿಮ್ಮ ಭುಜ ನಿಮ್ಮ ಕೈಗಳ ನೇರ ಮೇಲಿರಲಿ. ಆಗ ತೋಳಿನ ಬಲ ಬೇಕಿಲ್ಲ, ಮೈ ಭಾರವೇ ಕೆಲಸ ಮಾಡುತ್ತದೆ. ದೊಡ್ಡವರಿಗೆ 5 ಸೆಂಟಿಮೀಟರ್ ಆದರೂ ಇಳಿಯಬೇಕು, 6 ದಾಟಬಾರದು. ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಲು ಬಿಡಿ. ಎದೆ ಮೇಲೆ ಬರುವಾಗಲೇ ಹೃದಯದೊಳಗೆ ರಕ್ತ ತುಂಬುವುದು.

ಪಕ್ಕೆಲುಬು ಲಟಕ್ ಅನ್ನಬಹುದು. ನಿಲ್ಲಿಸಬೇಡಿ. ಮೂಳೆ ಕೂಡಿಕೊಳ್ಳುತ್ತದೆ. ಯಾರೂ ಒತ್ತದಿದ್ದರೆ ಬದುಕುವ ಅವಕಾಶ ಪ್ರತಿ ನಿಮಿಷ ಶೇಕಡ 7ರಿಂದ 10ರಷ್ಟು ಕಡಿಮೆ ಆಗುತ್ತಾ ಹೋಗುತ್ತದೆ. ನಮ್ಮ ಊರಿನ ಟ್ರಾಫಿಕ್ ಇಟ್ಟುಕೊಂಡು ಲೆಕ್ಕ ಹಾಕಿ ನೋಡಿ.

ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಲಿ. ಎಷ್ಟೇ ಗಟ್ಟಿಗರಾದರೂ ಅಷ್ಟರಲ್ಲಿ ಕೈ ಸೋತಿರುತ್ತದೆ, ಅವರಿಗೇ ಗೊತ್ತಾಗುವುದಿಲ್ಲ.

ಕೆಂಗೇರಿ ಪ್ರಸಾದ್:

ಬಾಯಿಗೆ ಬಾಯಿ ಇಟ್ಟು ಉಸಿರು ಕೊಡುವುದು ಬೇಡವಾ ಮೇಡಂ? ನಮಗೆ ಎನ್‌ಸಿಸಿಯಲ್ಲಿ 30 ಒತ್ತು, 2 ಉಸಿರು ಅಂತ ಹೇಳಿಕೊಟ್ಟಿದ್ದರು.

ರಾತ್ರಿಪಾಳಿ ಶಾಂತಿ:

ನೀವು ಕಲಿತದ್ದು ಸರಿಯಾಗಿಯೇ ಇದೆ. ಕಲಿತವರು, ಧೈರ್ಯ ಇರುವವರು 30ಕ್ಕೆ 2 ಕೊಡಬೇಕು. ಆದರೆ ದೊಡ್ಡವರು ಇದ್ದಕ್ಕಿದ್ದ ಹಾಗೆ ಕುಸಿದಾಗ ಅವರ ರಕ್ತದಲ್ಲಿ ಇನ್ನೂ ಕೆಲವು ನಿಮಿಷಕ್ಕೆ ಸಾಕಾಗುವಷ್ಟು ಆಮ್ಲಜನಕ ಇರುತ್ತದೆ. ಅದನ್ನು ಮಿದುಳಿಗೆ ತಳ್ಳುವವರು ಬೇಕು, ಅಷ್ಟೇ. ಅದಕ್ಕೇ ತರಬೇತಿ ಇಲ್ಲದವರಿಗೆ ಬರೀ ಒತ್ತಿ ಅನ್ನುವುದು. ನಮ್ಮ ದೇಶದಲ್ಲೂ ಇಂಡಿಯನ್ ರಿಸಸಿಟೇಶನ್ ಕೌನ್ಸಿಲ್‌ನವರು ಜನಸಾಮಾನ್ಯರಿಗೆ ಅಂತ ಬರೀ ಎದೆ ಒತ್ತುವ ಪಾಠವನ್ನೇ ಮಾಡಿದ್ದಾರೆ. ಬಾಯಿ ಇಡಲು ಹಿಂಜರಿದು ಎದ್ದು ಹೋಗುವುದಕ್ಕಿಂತ ಇದು ಎಷ್ಟೋ ಮೇಲು.

ಮಕ್ಕಳ ವಿಷಯ ಬೇರೆ, ನೀರಿಗೆ ಬಿದ್ದವರ ವಿಷಯವೂ ಬೇರೆ. ಅಲ್ಲಿ ಮೊದಲು ನಿಲ್ಲುವುದು ಉಸಿರು, ಆಮೇಲೆ ಹೃದಯ. ರಕ್ತದಲ್ಲಿ ಆಮ್ಲಜನಕ ಆಗಲೇ ಮುಗಿದಿರುತ್ತದೆ. ಬರೀ ಒತ್ತಿದರೆ ಸಾಲದು, ಉಸಿರು ಕೊಡಲೇಬೇಕು.

ಮಗ್ಗಿ ಮೇಷ್ಟ್ರು:

ನಾನು ಸರ್ಕಾರಿ ಶಾಲೆಯಲ್ಲಿ ಪಾಠ ಹೇಳುವವನು. ಕಳೆದ ವರ್ಷ ನಮಗೂ ತರಬೇತಿ ಆಯಿತು. ಅಲ್ಲಿ ಒಂದು ವಿಷಯ ಗಮನಿಸಿದೆ. ಎರಡನೇ ಕ್ರಾಸ್ ಅವರಿಗೆ ಉಪಯೋಗ ಆಗಬಹುದು.

ಇಂಗ್ಲಿಷಿನಲ್ಲಿ ಎಣಿಸಿದ ಹಾಗೇ ನಾವೂ ಕನ್ನಡದಲ್ಲಿ ಒಂದರಿಂದ ಮೂವತ್ತರವರೆಗೆ ಎಣಿಸಿಕೊಂಡು ಅಭ್ಯಾಸದ ಬೊಂಬೆಯ ಎದೆ ಒತ್ತಿದೆವು. ಒಂದು, ಎರಡು, ಮೂರು ಚೆನ್ನಾಗಿ ಓಡುತ್ತದೆ. ಹದಿಮೂರು, ಹದಿನಾಲ್ಕಕ್ಕೆ ಬರುವಾಗ ಕೈ ನಿಧಾನ ಆಯಿತು. ಇಪ್ಪತ್ತೊಂದು, ಇಪ್ಪತ್ತೆರಡು ಅನ್ನುವಾಗಂತೂ ಪೂರ್ತಿ ಎಳೆದುಕೊಂಡು ಹೋಯಿತು. ಪದ ಉದ್ದ ಆದಷ್ಟೂ ಕೈ ಪದಕ್ಕಾಗಿ ಕಾಯುತ್ತದೆ. ಕಲಿಸುತ್ತಿದ್ದವರು "ವೇಗ ಸಾಲದು" ಅಂತ ಗದರುತ್ತಿದ್ದರು. ಯಾಕೆ ಸಾಲದು ಅಂತ ಅವರಿಗೂ ಹೊಳೆಯಲಿಲ್ಲ.

ಆಮೇಲೆ ಮಕ್ಕಳಿಂದ ಮೇಜು ಕುಟ್ಟಿಸಿ ನೋಡಿದೆ. ಒಂದರಿಂದ ಹತ್ತು ಮೂರು ಸಲ ಎಣಿಸಿದರೆ ಮೂವತ್ತು ಆಯಿತು, ವೇಗವೂ ಕೆಡಲಿಲ್ಲ. ಮೊದಲ ಹತ್ತು, ಎರಡನೇ ಹತ್ತು, ಮೂರನೇ ಹತ್ತು. ಲೆಕ್ಕವೂ ತಪ್ಪುವುದಿಲ್ಲ.

ರಾತ್ರಿಪಾಳಿ ಶಾಂತಿ:

ಮೇಷ್ಟ್ರೇ, ಇಷ್ಟು ವರ್ಷದಲ್ಲಿ ನನಗೆ ಇದು ಹೊಳೆದಿರಲಿಲ್ಲ. ಈಗ ಕೂತು ಗಡಿಯಾರ ಹಿಡಿದು ನೋಡಿದೆ. 30 ಒತ್ತು 15ರಿಂದ 18 ಸೆಕೆಂಡಿನಲ್ಲಿ ಮುಗಿಯಬೇಕು. ನಿಮ್ಮ ಮೂರು ಹತ್ತಿನ ಲೆಕ್ಕದಲ್ಲಿ 17ಕ್ಕೆ ಮುಗಿಯಿತು. ನಮ್ಮ ವಾರ್ಡಿನ ಹೊಸ ಹುಡುಗಿಯರಿಗೂ ಹೀಗೇ ಹೇಳಿಕೊಡುತ್ತೇನೆ.

ಎರಡನೇ ಕ್ರಾಸ್:

ಮೇಷ್ಟ್ರಿಗೆ ಕೈ ಮುಗಿದೆ. ನಮ್ಮ ಎದುರು ಬಿಲ್ಡಿಂಗಿನ ವಾಚ್‌ಮನ್ ಅಸ್ಸಾಮಿನವನು. ಅವನು ಅವನ ಭಾಷೆಯಲ್ಲೇ ಹತ್ತರವರೆಗೆ ಎಣಿಸಲಿ ಅಲ್ವಾ?

ಮಗ್ಗಿ ಮೇಷ್ಟ್ರು:

ಖಂಡಿತ. ಗಾಬರಿ ಆದಾಗ ಬಾಯಿಗೆ ಬರುವುದು ತಾಯಿ ಕಲಿಸಿದ ಅಂಕಿ.

ಕೆಂಗೇರಿ ಪ್ರಸಾದ್:

ಒಂದು ಅನುಮಾನ. ಒತ್ತಿದ ಮೇಲೂ ಆ ಮನುಷ್ಯ ಹೋಗಿಬಿಟ್ಟರೆ? ಪಕ್ಕೆಲುಬು ಮುರಿದಿದ್ದೀರಿ ಅಂತ ಮನೆಯವರು ಜಗಳಕ್ಕೆ ಬಂದರೆ? ಪೊಲೀಸ್ ಸ್ಟೇಷನ್ನಿಗೆ ಅಲೆಯಬೇಕಾದರೆ? ನಮ್ಮ ಕಡೆ ಜನ ಹಿಂದೆ ಸರಿಯುವುದು ಇದಕ್ಕೇ.

ಗಿರಿನಗರದ ವಕೀಲ:

ಈ ಹೆದರಿಕೆ ಹಳೆಯದು, ಸುಮ್ನೆ ಹುಟ್ಟಿದ್ದೂ ಅಲ್ಲ. ಆದರೆ ಕಾನೂನು ಬದಲಾಗಿದೆ.

ರಸ್ತೆ ಅಪಘಾತದಲ್ಲಿ ಸಹಾಯ ಮಾಡಿದವರನ್ನು ಕಾಪಾಡುವ ಮಾರ್ಗಸೂಚಿಗಳಿಗೆ ಸುಪ್ರೀಂ ಕೋರ್ಟ್ 2016ರ ಮಾರ್ಚ್ 30ರಂದು ಕಾನೂನಿನ ಬಲ ಕೊಟ್ಟಿತು. ಸಹಾಯ ಮಾಡಿದವರು ಹೆಸರು, ವಿಳಾಸ ಹೇಳಲೇಬೇಕು ಅಂತ ಒತ್ತಾಯ ಮಾಡುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಸೆಕ್ಷನ್ ಬಂತು, ಅದೂ ಸಹಾಯ ಮಾಡಿದವರ ರಕ್ಷಣೆಗೇ. ನಮ್ಮ ರಾಜ್ಯವಂತೂ ಇದಕ್ಕೆ ತನ್ನದೇ ಕಾಯ್ದೆಯನ್ನು 2016ರಲ್ಲೇ ಮಾಡಿತು, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಸಿಕ್ಕಿತು. ದೇಶದಲ್ಲಿ ಇಂಥ ಕಾಯ್ದೆ ಮಾಡಿದ ಮೊದಲ ರಾಜ್ಯ ಕರ್ನಾಟಕ.

ಅಪಘಾತ ಅಲ್ಲ, ಮನೆಯಲ್ಲೋ ಪಾರ್ಕಿನಲ್ಲೋ ಕುಸಿದರು ಅಂದುಕೊಳ್ಳಿ. ಆಗ ಭಾರತೀಯ ನ್ಯಾಯ ಸಂಹಿತೆಯ 30ನೇ ಸೆಕ್ಷನ್ ಇದೆ. ಹಳೇ ಐಪಿಸಿಯಲ್ಲಿ ಇದೇ 92ನೇ ಸೆಕ್ಷನ್ ಆಗಿತ್ತು. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇಲ್ಲದ ಮನುಷ್ಯನ ಒಳಿತಿಗಾಗಿ, ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸದಿಂದ ಪೆಟ್ಟಾದರೆ ಅದು ಅಪರಾಧ ಅಲ್ಲ. ನಿಮ್ಮ ಭಾನುವಾರದ ಸಭೆಯಲ್ಲಿ ಇದನ್ನು ಎರಡೇ ವಾಕ್ಯದಲ್ಲಿ ಹೇಳಿಬಿಡಿ.

ಮೆಜೆಸ್ಟಿಕ್ ಮಂಜುಳಾ:

ನನ್ನದೊಂದು ಮಾತು. ಗಂಡಸರು ಓದಲಿ ಅಂತಲೇ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ಬಸ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕದ ಸಾಲಿನಲ್ಲಿ ನಿಂತಿದ್ದ ಹೆಂಗಸು ಬಿದ್ದರು. ಐವತ್ತರ ಆಸುಪಾಸು. ಸುತ್ತ ಮೂವತ್ತು ಜನ ಗಂಡಸರು ಇದ್ದರು. ಒಬ್ಬರೂ ಮುಟ್ಟಲಿಲ್ಲ. "ಲೇಡೀಸ್ ಯಾರಾದರೂ ನೋಡ್ರೀ" ಅಂತ ಕೂಗುತ್ತಿದ್ದರು. ನಾನು ಹೋಗಿ ಕೂತೆ, ಆದರೆ ನನಗೆ ಏನೂ ಗೊತ್ತಿರಲಿಲ್ಲ. ಕೈ ಹಿಡಿದುಕೊಂಡು ಕೂತೆ, ಅಷ್ಟೇ. ಅವರಲ್ಲಿ ಒಬ್ಬ ಹುಡುಗ ತರಬೇತಿ ಆದವನಂತೆ. ಆಮೇಲೆ ನನ್ನ ಹತ್ತಿರ ಬಂದು, "ಅಕ್ಕ, ನನಗೆ ಗೊತ್ತಿತ್ತು, ಜನ ಏನಂತಾರೋ ಅಂತ ಹಿಂಜರಿದೆ" ಅಂತ ಅತ್ತ.

ಅವನ ಮೇಲೆ ಆವತ್ತು ಸಿಟ್ಟು ಬಂದಿತ್ತು. ಈಗ ಇಲ್ಲ. ಅವನಿಗೆ "ಮುಟ್ಟು, ಪರವಾಗಿಲ್ಲ" ಅಂತ ಹೇಳಬೇಕಾದವಳು ನಾನಾಗಿದ್ದೆ. ಸುತ್ತ ನಿಂತ ಹೆಂಗಸರು ಆ ಒಂದು ಮಾತು ಹೇಳಿದರೂ ಸಾಕು, ಗೊತ್ತಿರುವ ಗಂಡಸು ಮುಂದೆ ಬರುತ್ತಾನೆ.

ರಾತ್ರಿಪಾಳಿ ಶಾಂತಿ:

ಮಂಜುಳಾ ಅವರ ಈ ಮಾತನ್ನು ದಯವಿಟ್ಟು ಎಲ್ಲರೂ ಮನೆಯಲ್ಲಿ ಓದಿ ಹೇಳಿ. ಹೆಂಗಸರಿಗೆ ದಾರಿಹೋಕರಿಂದ ಸಿಪಿಆರ್ ಸಿಗುವುದು ಗಂಡಸರಿಗಿಂತ ಕಡಿಮೆ ಅಂತ ಹೊರದೇಶಗಳಲ್ಲೂ ಕಂಡುಕೊಂಡಿದ್ದಾರೆ.

ಎದೆ ಒತ್ತಲು ಸೀರೆ, ರವಿಕೆ ಬಿಚ್ಚಬೇಕಿಲ್ಲ. ಸೆರಗು, ದುಪಟ್ಟ ಒತ್ತಟ್ಟಿಗೆ ಸರಿಸಿ. ತಾಳಿ ಸರ ಕೈ ಕೆಳಗೆ ಸಿಕ್ಕಿದರೆ ಪಕ್ಕಕ್ಕೆ ತಳ್ಳಿ. ಕೈ ಇಡುವ ಜಾಗ ಎದೆಯ ನಡುವಿನ ಮೂಳೆ. ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರ ಬಂದರೆ ಮಾತ್ರ ಅದರ ಪ್ಯಾಡ್ ಬರೀ ಚರ್ಮಕ್ಕೆ ಅಂಟಬೇಕು. ಆಗ ಸುತ್ತಲಿನ ಹೆಂಗಸರು ಸೀರೆಯನ್ನೋ ಶಾಲನ್ನೋ ಅಡ್ಡ ಹಿಡಿಯಲಿ. ತುಂಬು ಬಸುರಿ ಆದರೂ ಒತ್ತುವ ಜಾಗ, ಆಳ ಎಲ್ಲ ಅದೇ. ಇನ್ನೊಬ್ಬರಿದ್ದರೆ ಹೊಟ್ಟೆಯನ್ನು ಎರಡೂ ಕೈಯಿಂದ ಅವರ ಎಡಗಡೆಗೆ ಸರಿಸಿ ಹಿಡಿದುಕೊಳ್ಳಲಿ. ದೊಡ್ಡ ರಕ್ತನಾಳದ ಮೇಲಿನ ಭಾರ ಇಳಿಯುತ್ತದೆ.

ಪುಟ್ಟಿ ಅಮ್ಮ:

ನನ್ನ ಮಗಳಿಗೆ ಎಂಟು ತಿಂಗಳು. ಕಳೆದ ತಿಂಗಳು ಕಡಲೆಬೀಜದ ಚೂರು ಗಂಟಲಿಗೆ ಸಿಕ್ಕಿಬಿಟ್ಟಿತ್ತು. ಅಳುವಿಲ್ಲ, ಸದ್ದಿಲ್ಲ, ಮುಖ ನೀಲಿ. ನಮ್ಮಮ್ಮ ಅವಳನ್ನು ಮುಂಗೈ ಮೇಲೆ ಬೋರಲು ಹಾಕಿಕೊಂಡು ಬೆನ್ನಿಗೆ ಗುದ್ದಿದರು. ಮೂರನೇ ಏಟಿಗೆ ಚೂರು ಹೊರಗೆ ಬಂತು. ಅಮ್ಮ ಮಾಡಿದ್ದು ಸರಿಯಾ? ನಾನು ಬಾಯೊಳಗೆ ಬೆರಳು ಹಾಕಲು ಹೋಗಿದ್ದೆ, ಅಮ್ಮ ಬೈದರು. ಆಮೇಲೆ ಒಂದು ವಿಡಿಯೋದಲ್ಲಿ ಕೈಗೂಸಿಗೆ ಎರಡು ಬೆರಳಿನಿಂದ ಎದೆ ಒತ್ತುವುದನ್ನು ನೋಡಿ ಕಲಿತೆ. ಅದು ಸರಿ ತಾನೇ?

ರಾತ್ರಿಪಾಳಿ ಶಾಂತಿ:

ನಿಮ್ಮಮ್ಮನಿಗೆ ನನ್ನ ನಮಸ್ಕಾರ ಹೇಳಿ. ಸರಿಯಾಗಿ ಮಾಡಿದ್ದಾರೆ. ಮುಂಗೈ ಮೇಲೆ ಬೋರಲು, ತಲೆ ಮೈಗಿಂತ ತಗ್ಗಿನಲ್ಲಿ, ದವಡೆಗೆ ಕೈ ಆಸರೆ. ಬೆನ್ನಿನ ರೆಕ್ಕೆ ಮೂಳೆಗಳ ನಡುವೆ ಅಂಗೈ ಬುಡದಿಂದ 5 ಏಟು. ಬರಲಿಲ್ಲ ಅಂದರೆ ಅಂಗಾತ ತಿರುಗಿಸಿ, ಎದೆ ನಡುವೆ ಒಂದು ಅಂಗೈ ಬುಡದಿಂದ 5 ಸಲ ಒತ್ತಿ. ಹೀಗೇ ಬದಲಿಸುತ್ತಾ ಹೋಗಿ. ವರ್ಷ ತುಂಬದ ಮಗುವಿನ ಹೊಟ್ಟೆ ಒತ್ತಬಾರದು, ಪಿತ್ತಜನಕಾಂಗಕ್ಕೆ ಪೆಟ್ಟಾಗುತ್ತದೆ. ಬೆರಳು ಹಾಕಿದರೆ ಚೂರು ಇನ್ನೂ ಒಳಗೆ ಹೋಗುತ್ತದೆ. ಕಣ್ಣಿಗೆ ಕಂಡರೆ ಮಾತ್ರ ತೆಗೆಯಿರಿ. ಕಾಲು ಹಿಡಿದು ತಲೆಕೆಳಗೆ ಜೋತಾಡಿಸುವುದೂ ಬೇಡ. ಕೆಮ್ಮುತ್ತಿದ್ದರೆ, ಅಳುತ್ತಿದ್ದರೆ ಏನೂ ಮಾಡಬೇಡಿ. ಆ ಕೆಮ್ಮೇ ಅದನ್ನು ಹೊರಗೆ ತಳ್ಳುತ್ತದೆ.

ವರ್ಷ ದಾಟಿದ ಮಕ್ಕಳಿಗೂ ದೊಡ್ಡವರಿಗೂ ಬೆನ್ನಿಗೆ 5 ಏಟು, ಆಮೇಲೆ ಹಿಂದಿನಿಂದ ಅಪ್ಪಿ ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಮುಷ್ಟಿಯಿಟ್ಟು ಒಳಕ್ಕೆ, ಮೇಲಕ್ಕೆ 5 ಸಲ. ಪ್ರಜ್ಞೆ ತಪ್ಪಿದರೆ ಎಲ್ಲ ಬಿಟ್ಟು ನೆಲಕ್ಕೆ ಮಲಗಿಸಿ ಸಿಪಿಆರ್.

ಎರಡು ಬೆರಳಿನ ವಿಷಯಕ್ಕೆ ಬಂದೆ. ನಾವೂ ಹಾಗೇ ಕಲಿತಿದ್ದೆವು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನವರು 2025ರ ಅಕ್ಟೋಬರ್‌ನಲ್ಲಿ ತಂದ ಹೊಸ ಮಾರ್ಗಸೂಚಿಯಲ್ಲಿ ಅದನ್ನು ಕೈಬಿಟ್ಟಿದ್ದಾರೆ. ಬೆರಳಿನಿಂದ ಬೇಕಾದಷ್ಟು ಆಳ ಸಿಗುವುದಿಲ್ಲ, ಬೇಗ ನೋವು ಬರುತ್ತದೆ. ಈಗ ಎರಡು ದಾರಿ. ಎರಡೂ ಕೈಗಳಿಂದ ಮಗುವಿನ ಎದೆಗೂಡನ್ನು ಬಳಸಿ ಹಿಡಿದು ಎರಡು ಹೆಬ್ಬೆರಳಿನಿಂದ ಒತ್ತುವುದು. ಇಲ್ಲ ಅಂದರೆ ಒಂದು ಅಂಗೈ ಬುಡದಿಂದ ಒತ್ತುವುದು. ಮೊಲೆತೊಟ್ಟುಗಳ ನಡುವಿನ ಗೆರೆಗಿಂತ ಚೂರು ಕೆಳಗೆ. ಎದೆಯ ದಪ್ಪದ ಮೂರನೇ ಒಂದು ಭಾಗ, ಸುಮಾರು 4 ಸೆಂಟಿಮೀಟರ್.

ಪುಟ್ಟಿ ಅಮ್ಮ:

ನಾಲ್ಕಾ? ಅಷ್ಟು ಪುಟ್ಟ ಎದೆಗೆ? ಓದಿಯೇ ಕೈ ನಡುಗುತ್ತಿದೆ.

ರಾತ್ರಿಪಾಳಿ ಶಾಂತಿ:

ಎಲ್ಲ ತಾಯಂದಿರೂ ಹೀಗೇ ಅನ್ನುತ್ತಾರೆ. ನನ್ನ ಮಗಳು ಚಿಕ್ಕವಳಿದ್ದಾಗ ಬೊಂಬೆ ಒತ್ತುವಾಗ ನನಗೂ ಕಣ್ಣಲ್ಲಿ ನೀರು ಬಂದಿತ್ತು. ಮೆಲ್ಲಗೆ ಒತ್ತಿದರೆ ಉಪಯೋಗ ಇಲ್ಲ ಅಕ್ಕ.

ಉಸಿರು ಕೊಡುವಾಗ ಮಾತ್ರ ಮೆಲ್ಲಗೆ. ಕೈಗೂಸಿನ ತಲೆ ಹಿಂದಕ್ಕೆ ಬಗ್ಗಿಸಬೇಡಿ, ಮುಖ ನೇರ ಮೇಲಕ್ಕೆ ಇರಲಿ. ಅದರ ಬಾಯಿ, ಮೂಗು ಎರಡನ್ನೂ ನಿಮ್ಮ ಬಾಯಿಯಿಂದ ಮುಚ್ಚಿ. ನಿಮ್ಮ ಕೆನ್ನೆಯೊಳಗೆ ಹಿಡಿದಷ್ಟೇ ಗಾಳಿ ಸಾಕು, ಎದೆ ಮೇಲೆದ್ದರೆ ಆಯಿತು. ಎಚ್ಚರ ಇದೆಯಾ ಅಂತ ನೋಡಲು ಮಗುವನ್ನು ಅಲುಗಾಡಿಸಬೇಡಿ, ಅಂಗಾಲು ತಟ್ಟಿ. ಒಬ್ಬರೇ ಇದ್ದರೆ 30ಕ್ಕೆ 2. ತರಬೇತಿ ಆದವರು ಇಬ್ಬರಿದ್ದರೆ ಮಕ್ಕಳಿಗೆ 15ಕ್ಕೆ 2. ವರ್ಷ ದಾಟಿದ ಮಕ್ಕಳಿಗೆ ಸುಮಾರು 5 ಸೆಂಟಿಮೀಟರ್, ಒಂದು ಕೈ ಸಾಲದಿದ್ದರೆ ಎರಡು ಕೈ. ಕೈಯಲ್ಲಿ ಫೋನ್ ಇಲ್ಲದೆ ಒಬ್ಬರೇ ಇದ್ದರೆ, ಮಕ್ಕಳಿಗೆ ಮೊದಲು ಎರಡು ನಿಮಿಷ ಸಿಪಿಆರ್, ಆಮೇಲೆ ಸಹಾಯಕ್ಕೆ ಓಡಿ. ದೊಡ್ಡವರಿಗಾದರೆ ಮೊದಲು ಫೋನ್.

ಮೇಸ್ತ್ರಿ ಮಗ:

ನಮ್ಮಪ್ಪ ಗಾರೆ ಮೇಸ್ತ್ರಿ. ಸಂಪ್ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಈ ಊರಲ್ಲಿ ಮನೆಗೊಂದು ಸಂಪ್. ಕಟ್ಟುತ್ತಿರುವ ಮನೆಯಲ್ಲಿ ಮೊದಲು ಆಗುವುದೂ ಅದೇ, ಕ್ಯೂರಿಂಗ್‌ಗೆ ನೀರು ಬೇಕಲ್ಲ. ಮುಚ್ಚಳ ಬರುವುದು ಎಷ್ಟೋ ತಿಂಗಳಾದ ಮೇಲೆ. ಅಲ್ಲಿವರೆಗೆ ಒಂದು ಹಲಗೆ, ಮೇಲೊಂದು ಕಲ್ಲು. ಕೆಲಸದವರ ಮಕ್ಕಳು ಅದರ ಸುತ್ತಲೇ ಆಡುತ್ತಿರುತ್ತಾರೆ.

ನಾನು ಪಿಯುಸಿಯಲ್ಲಿ ಇದ್ದಾಗ ಅಪ್ಪನ ಸೈಟಿನಲ್ಲಿ ಮೂರು ವರ್ಷದ ಹುಡುಗ ಬಿದ್ದ. ತೆಗೆದಾಗ ಉಸಿರಿರಲಿಲ್ಲ. ಅವರಪ್ಪ ಮಗುವನ್ನು ಹೊಟ್ಟೆ ತಾಗುವ ಹಾಗೆ ತಲೆ ಮೇಲೆ ಹೊತ್ತು ಗಿರಗಿರ ತಿರುಗಿಸಲು ಶುರು ಮಾಡಿದ. ಊರ ಕಡೆ ಹಾಗೇ ಮಾಡುವುದು. ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ನರ್ಸಿಂಗ್ ಓದುವ ಹುಡುಗಿ ಓಡಿ ಬಂದು, ಮಗುವನ್ನು ಕಿತ್ತುಕೊಂಡು, ಮರಳಿನ ಪಕ್ಕ ಪ್ಲೈವುಡ್ ಮೇಲೆ ಮಲಗಿಸಿದಳು. ಮೊದಲು ಬಾಯಿಗೆ ಉಸಿರು ಊದಿದಳು. ಆಮೇಲೆ ಒಂದು ಕೈಯಿಂದ ಎದೆ ಒತ್ತಿದಳು. ಎಷ್ಟು ಹೊತ್ತೋ ಗೊತ್ತಿಲ್ಲ. ಮಗು ವಾಂತಿ ಮಾಡಿತು, ಅತ್ತಿತು. ಈಗ ಅವನು ಏಳನೇ ಕ್ಲಾಸು.

ಹೊಟ್ಟೆಯಿಂದ ನೀರು ತೆಗೆಯುವುದು ಬೇಡವೇ ಬೇಡ ಅಂತ ಆ ಹುಡುಗಿ ಆಮೇಲೆ ಎಲ್ಲರಿಗೂ ಕೂಗಿ ಹೇಳಿದಳು. ನೀರು ತೆಗೆಯಲು ಹೋದಷ್ಟೂ ಉಸಿರಿಲ್ಲದ ಹೊತ್ತು ಜಾಸ್ತಿ ಆಗುತ್ತದೆ, ಹೊಟ್ಟೆಯಲ್ಲಿರುವುದು ಶ್ವಾಸಕೋಶಕ್ಕೆ ಹೋಗಬಹುದು ಅಂದಳು. ವಾಂತಿ ಬಂದರೆ ಬದಿಗೆ ಹೊರಳಿಸಿ ಬಾಯಿ ಒರೆಸಬೇಕು, ಅಷ್ಟೇ. ಬದುಕಿದರೂ ಆಸ್ಪತ್ರೆಗೆ ತೋರಿಸಲೇಬೇಕು ಅಂತ ಹಟ ಮಾಡಿ ಅವಳೇ ಆಟೋದಲ್ಲಿ ಕರೆದುಕೊಂಡು ಹೋದಳು.

ಎರಡನೇ ಕ್ರಾಸ್ ಅಣ್ಣ, ನಿಮ್ಮ ಬೀದಿಯಲ್ಲಿ ಮನೆ ಕಟ್ಟುತ್ತಿದ್ದರೆ ಆ ಸೈಟಿನ ವಾಚ್‌ಮನ್ ಸಂಸಾರವನ್ನೂ ಕರೆಯಿರಿ. ಸಂಪ್ ಮುಚ್ಚಳಕ್ಕೆ ಬೀಗ ಹಾಕಿಸಿ.

ಹಳೇ ಸ್ಟ್ರೆಚರ್:

ಆಂಬುಲೆನ್ಸ್‌ನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದೇನೆ. ನಮ್ಮ ಕಡೆಯಿಂದಲೂ ಸ್ವಲ್ಪ ಕೇಳಿ.

ಬೆಂಗಳೂರಿನಲ್ಲಿ ವಿಳಾಸ ಹೇಳುವಾಗ "ಐದನೇ ಕ್ರಾಸ್" ಅಂದರೆ ಸಾಲದು. ಎಷ್ಟನೇ ಮೇನ್, ಯಾವ ಬ್ಲಾಕ್, ಯಾವ ಸ್ಟೇಜ್ ಅಂತ ಹೇಳಿ. ಒಂದೇ ಬಡಾವಣೆಯಲ್ಲಿ ಮೂರು ಐದನೇ ಕ್ರಾಸ್ ಇರುತ್ತವೆ. ದೇವಸ್ಥಾನ, ನೀರಿನ ಟ್ಯಾಂಕು, ಬೇಕರಿ, ಏನಾದರೂ ಗುರುತು ಕೊಡಿ. "ಎಚ್ಚರ ಇಲ್ಲ, ಉಸಿರಿಲ್ಲ" ಅಂತ ಮೊದಲ ವಾಕ್ಯದಲ್ಲೇ ಹೇಳಿ. ಒಬ್ಬರನ್ನು ಮೇನ್ ರೋಡಿಗೆ ಕಳಿಸಿ ಕೈ ಬೀಸಲು ಹೇಳಿ. ಗೇಟ್ ತೆಗೆದಿರಲಿ. ಬಾಗಿಲ ಮುಂದಿನ ಗಾಡಿಗಳನ್ನು ಸರಿಸಿ. ಅಪಾರ್ಟ್‌ಮೆಂಟ್ ಆದರೆ ಲಿಫ್ಟನ್ನು ಕೆಳಗೆ ತಡೆದು ಹಿಡಿದಿರಿ. ಎಷ್ಟೋ ಸಲ ನಾವು ಟ್ರಾಫಿಕ್ ದಾಟಿ ಬೇಗ ಬಂದು, ಗೇಟಿನಿಂದ ಮೂರನೇ ಮಹಡಿಗೆ ಹೋಗುವುದರಲ್ಲಿ ಆ ಹೊತ್ತನ್ನೆಲ್ಲ ಕಳೆದುಕೊಂಡಿದ್ದೇವೆ.

ಇನ್ನೊಂದು. ಉಸಿರು ನಿಂತವರನ್ನು ಆಟೋದಲ್ಲಿ ತುರುಕಿಕೊಂಡು ಓಡಬೇಡಿ. ಓಡುವ ಗಾಡಿಯಲ್ಲಿ, ಮಡಚಿ ಕೂರಿಸಿದ ಮನುಷ್ಯನ ಎದೆ ಒತ್ತಲು ಆಗುವುದಿಲ್ಲ. ಸಿಗ್ನಲ್‌ನಲ್ಲಿ ನಿಂತಷ್ಟು ಹೊತ್ತೂ ಮಿದುಳಿಗೆ ರಕ್ತ ಇಲ್ಲ. ಬಿದ್ದ ಜಾಗದಲ್ಲೇ ಒತ್ತಿ. ನಾವು ಬರುತ್ತೇವೆ.

ಕರೆಂಟ್ ಹೊಡೆದು ಬಿದ್ದಿದ್ದರೆ ಮೇನ್ ಸ್ವಿಚ್ ಆಫ್ ಆಗುವವರೆಗೆ ಮುಟ್ಟಬೇಡಿ. ಒಬ್ಬರನ್ನು ಎತ್ತಲು ಹೋಗಿ ಇಬ್ಬರು ಬಿದ್ದದ್ದನ್ನು ನೋಡಿದ್ದೇನೆ.

ವೋಲ್ಟ್ ವೆಂಕಟೇಶ:

ನಾನು ಎಲೆಕ್ಟ್ರಿಕಲ್ ಇಂಜಿನಿಯರ್, ಅದಕ್ಕೆ ಈ ವಿಷಯ ನನಗೆ ಬಹಳ ಇಷ್ಟ. ಎದೆ ಒತ್ತಿ ರಕ್ತ ಹರಿಸಬಹುದು ಅಂತ 1960ರಲ್ಲಿ ಅಮೆರಿಕದ ವಿಶ್ವವಿದ್ಯಾಲಯ ಜಾನ್ಸ್ ಹಾಪ್ಕಿನ್ಸ್‌ನಿಂದ ಬರೆದ ಮೂವರಲ್ಲಿ ಮೊದಲನೆಯವರು, ಕೌವೆನ್‌ಹೋವನ್, ಡಾಕ್ಟರ್ ಅಲ್ಲ, ಎಲೆಕ್ಟ್ರಿಕಲ್ ಇಂಜಿನಿಯರ್. ಹೃದಯಕ್ಕೆ ಶಾಕ್ ಕೊಡುವ ಯಂತ್ರವನ್ನು ನಾಯಿಗಳ ಮೇಲೆ ಪರೀಕ್ಷಿಸುವಾಗ, ಭಾರವಾದ ಪ್ಯಾಡಲ್ ಎದೆ ಮೇಲೆ ಒತ್ತಿದ ಕೂಡಲೇ ರಕ್ತದೊತ್ತಡ ಏರಿದ್ದು ಅವರ ತಂಡದ ಕಣ್ಣಿಗೆ ಬಿತ್ತು. ಇದನ್ನು ಮಾಡಲು ಎರಡು ಕೈ ಇದ್ದರೆ ಸಾಕು ಅಂತ ಆಗಲೇ ಬರೆದರು.

ಎಇಡಿ ಬಗ್ಗೆಯೂ ಹೇಳಿಬಿಡುತ್ತೇನೆ, ಅದು ಅದೇ ಯಂತ್ರದ ಇವತ್ತಿನ ರೂಪ. ನಮ್ಮ ವಿಮಾನ ನಿಲ್ದಾಣದಲ್ಲಿ ಗೋಡೆಗೆ ಹಾಕಿರುತ್ತಾರೆ. ಆನ್ ಮಾಡಿದರೆ ಅದೇ ಮಾತಾಡುತ್ತದೆ. ಒಂದು ಪ್ಯಾಡ್ ಬಲಗಡೆ ಕಾಲರ್ ಮೂಳೆಯ ಕೆಳಗೆ, ಇನ್ನೊಂದು ಎಡ ಕಂಕುಳ ಕೆಳಗೆ ಪಕ್ಕೆಯ ಮೇಲೆ. ಮೈ ಒದ್ದೆ ಇದ್ದರೆ ಒರೆಸಿ. ಬೇಕಿಲ್ಲದವರಿಗೆ ಅದು ಶಾಕ್ ಕೊಡುವುದಿಲ್ಲ, ಹೃದಯದ ಬಡಿತ ನೋಡಿ ತಾನೇ ತೀರ್ಮಾನ ಮಾಡುತ್ತದೆ. ಶಾಕ್ ಕೊಡುವಾಗ ಯಾರೂ ಮುಟ್ಟಬಾರದು, ಕೊಟ್ಟ ಕೂಡಲೇ ಮತ್ತೆ ಒತ್ತಬೇಕು. ಅಪಾರ್ಟ್‌ಮೆಂಟಿನವರು ಕೊಂಡರೆ ಬ್ಯಾಟರಿ, ಪ್ಯಾಡ್‌ಗಳ ತಾರೀಖನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಆವತ್ತೇ ತೀರ್ಮಾನ ಮಾಡಿ. ಬೀಗ ಹಾಕಿದ ಕಚೇರಿಯೊಳಗಂತೂ ಇಡಬೇಡಿ.

ಮೆಜೆಸ್ಟಿಕ್ ಮಂಜುಳಾ:

2021ರ ಅಕ್ಟೋಬರ್ 29 ನೆನಪಿದೆ ಅಲ್ವಾ? ಪುನೀತ್ ರಾಜ್‌ಕುಮಾರ್ ಹೋದ ದಿನ. 46 ವರ್ಷ ಅವರಿಗೆ. ಮುಂದಿನ ವಾರ ನಮ್ಮ ಮನೆಯವರೂ ಜಯದೇವದಲ್ಲಿ ಸಾಲಿನಲ್ಲಿ ನಿಂತು ಇಸಿಜಿ ಮಾಡಿಸಿಕೊಂಡು ಬಂದರು. ಆಗ ನಾವು ನಮ್ಮ ನಮ್ಮ ಹೃದಯ ತೋರಿಸಿಕೊಂಡೆವು. ಪಕ್ಕದವರ ಹೃದಯ ನಿಂತರೆ ಏನು ಮಾಡಬೇಕು ಅಂತ ಕಲಿಯಬೇಕು ಅನ್ನುವುದು ನಮ್ಮ ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ರಾತ್ರಿಪಾಳಿ ಶಾಂತಿ:

ಎರಡನೇ ಕ್ರಾಸ್ ಸರ್, ಹೃದಯಾಘಾತ ಬೇರೆ, ಹೃದಯ ನಿಲ್ಲುವುದು ಬೇರೆ ಅಂತಲೂ ಸಭೆಯಲ್ಲಿ ಹೇಳಿ. ಹೃದಯಾಘಾತ ಆದವರು ಮಾತಾಡುತ್ತಿರುತ್ತಾರೆ. ಎದೆ ಹಿಂಡಿದ ಹಾಗೆ, ಬೆವರು, ದವಡೆ, ಎಡಗೈ ನೋವು. "ಗ್ಯಾಸ್ಟ್ರಿಕ್ ಇರಬೇಕು" ಅಂತ ಮಾತ್ರೆ ನುಂಗಿ ಮಲಗುತ್ತಾರೆ. ಅವರಿಗೆ ಸಿಪಿಆರ್ ಬೇಡ, ತಕ್ಷಣ ಆಸ್ಪತ್ರೆ ಬೇಕು. ಅದೇ ಆಘಾತದಿಂದ ಹೃದಯ ನಿಂತು ಕುಸಿದರೆ ಆಗ ಒತ್ತಬೇಕು.

ಎರಡನೇ ಕ್ರಾಸ್:

ನಿನ್ನೆ ಭಾನುವಾರ ಆಯಿತು. 19 ಜನ ಬಂದಿದ್ದರು. ಶಾಂತಿ ಅವರ ಪರಿಚಯದ ಒಬ್ಬ ನರ್ಸ್ ಬಂದು ಬೊಂಬೆ ತಂದಿದ್ದರು. ಬೊಂಬೆ ಒಂದೇ, ಹಾಗಾಗಿ ಉಳಿದವರಿಗೆ ಚಾಪೆ ಮೇಲೆ ಗಟ್ಟಿ ದಿಂಬು. ಬದುಕಿರುವವರ ಎದೆ ಮೇಲೆ ಯಾರೂ ಅಭ್ಯಾಸ ಮಾಡಬಾರದು ಅಂತ ಮೊದಲೇ ಹೇಳಿದೆವು.

ಆ ಗೊರಕೆ ಸದ್ದನ್ನು ನರ್ಸ್ ಬಾಯಲ್ಲೇ ಮಾಡಿ ತೋರಿಸಿದರು. ಹೂವಿನ ಅಕ್ಕ ಬುಟ್ಟಿ ಕೆಳಗಿಟ್ಟು ಕೂತಿದ್ದವರು ಎದ್ದು ನಿಂತುಬಿಟ್ಟರು. "ಹಿಂಗೇ ಇತ್ತಲ್ಲಮ್ಮ" ಅಂದರು ಅತ್ತೆ ಕಡೆ ನೋಡಿ. ಅತ್ತೆ ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತು ನಾವೂ ಯಾರೂ ಮಾತಾಡಲಿಲ್ಲ. ಆಮೇಲೆ ಹೂವಿನ ಅಕ್ಕನೇ ಸೆರಗು ಸಿಕ್ಕಿಸಿಕೊಂಡು ಬೊಂಬೆ ಮುಂದೆ ಮಂಡಿಯೂರಿದರು. ಮೊದಲ ಹತ್ತು ಮೆಲ್ಲಗಾಯಿತು. ಎರಡನೇ ಹತ್ತಕ್ಕೆ ಬೊಂಬೆಯೊಳಗಿನ ಟಕ್ ಟಕ್ ಶುರುವಾಯಿತು. ಆಳ ಸರಿಯಾದರೆ ಮಾತ್ರ ಆ ಸದ್ದು ಬರುವುದು.

ವಾಚ್‌ಮನ್ ಅವನ ಭಾಷೆಯಲ್ಲೇ ಎಣಿಸಿದ. ಎಲ್ಲರಿಗಿಂತ ಚೆನ್ನಾಗಿ ಒತ್ತಿದವನು ಅವನೇ. ಇಸ್ತ್ರಿ ಅಂಗಡಿಯವರ ಮೊಣಕೈ ಮೊದಲಿಂದಲೇ ನೆಟ್ಟಗೆ ನಿಂತಿತು. ಅವರಿಗೆ ದಿನವಿಡೀ ಅದೇ ಅಭ್ಯಾಸ ತಾನೇ.

ಅತ್ತೆಗೆ ಮಂಡಿ ನೋವು, ನೆಲಕ್ಕೆ ಕೂರಲು ಆಗುವುದಿಲ್ಲ. ಸುಮ್ನೆ ಕುರ್ಚಿಯಲ್ಲಿ ಕೂತಿದ್ದರು. ನರ್ಸ್ ಅವರ ಕೈಗೆ ಫೋನ್ ಕೊಟ್ಟು, "ಅಮ್ಮ, ನೀವು 108ಕ್ಕೆ ಮಾಡುವವರು, ಗಟ್ಟಿಯಾಗಿ ಎಣಿಸುವವರು" ಅಂದರು. ವಿಳಾಸವನ್ನು ಮೂರು ಸಲ ಹೇಳಿಸಿದೆವು. ಮೇನ್, ಕ್ರಾಸ್, ಗಣಪತಿ ದೇವಸ್ಥಾನದ ಹಿಂದೆ. ಆಮೇಲೆ ಉಳಿದ ಒಂಬತ್ತು ಜನಕ್ಕೂ ಅತ್ತೆಯೇ ಎಣಿಸಿದರು. ಗಂಟಲು ಕಟ್ಟುವವರೆಗೂ ಎಣಿಸಿದರು.

ಎರಡು ಕಡೆ ಎಡವಿದೆವು. ಮಕ್ಕಳ ಪಾಠಕ್ಕೆ ಹೊತ್ತು ಸಾಲಲಿಲ್ಲ, ಅದಕ್ಕೇ ಇನ್ನೊಂದು ದಿನ ಬೇಕು. ಮನೆಕೆಲಸಕ್ಕೆ ಬರುವವರು ಇಬ್ಬರೇ ಬಂದರು. ಬೆಳಿಗ್ಗೆ ಹತ್ತು ಗಂಟೆ ಅವರಿಗೆ ಕೆಲಸದ ಹೊತ್ತು, ನನಗೆ ಹೊಳೆಯಲಿಲ್ಲ. ಮುಂದಿನ ಸಲ ಮಧ್ಯಾಹ್ನ ಮೂರಕ್ಕೆ.

ಪುಟ್ಟಿ ಅಮ್ಮ:

ಮಕ್ಕಳ ಪಾಠಕ್ಕೆ ನಮ್ಮ ನಾಗರಭಾವಿಗೆ ಬನ್ನಿ. ಮನೆ ಹಾಲ್ ದೊಡ್ಡದಿದೆ, ಅಂಗನವಾಡಿ ಟೀಚರ್ ಕೂಡ ಬರುತ್ತೇನೆ ಅಂದಿದ್ದಾರೆ. ನಮ್ಮಮ್ಮ ಬೆನ್ನಿಗೆ ಏಟು ಕೊಡುವುದನ್ನು ತೋರಿಸುತ್ತಾರಂತೆ.

ಎರಡನೇ ಕ್ರಾಸ್:

ಬರುತ್ತೇವೆ. ಕೈಗೂಸಿನ ಅಳತೆಯ ಗಟ್ಟಿ ಬೊಂಬೆ ಒಂದು ಹುಡುಕಿಡಿ. ಎಣಿಸಲು ಅತ್ತೆಯೂ ಬರುತ್ತಾರೆ.